ಅಂಕ ಇದೆ, ಕಾಗದ ಇದೆಯೇ?

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತು ನನಗೆ ಕೊಟ್ಟಿರುವ ವಿಷಯ ‘ಕಾಲೇಜು ವಿದ್ಯಾರ್ಥಿವೇತನ: ಹುಡುಕುವುದು ಹೇಗೆ, ಅರ್ಜಿ ಹಾಕುವುದು ಹೇಗೆ’. ಕೇಳಿದರೆ ಸರ್ಕಾರಿ ಸುತ್ತೋಲೆಯ ತಲೆಬರಹದ ಹಾಗಿದೆ. ಆದರೂ ಅರ್ಧ ಗಂಟೆ ಸಹಿಸಿಕೊಳ್ಳಿ, ಉಪಯೋಗಕ್ಕೆ ಬರುವ ವಿಷಯ. ನಾನು ಈ ಊರಿನ ಜೂನಿಯರ್ ಕಾಲೇಜೊಂದರಲ್ಲಿ ಬಹಳ ವರ್ಷ ಪಾಠ ಹೇಳಿದವಳು. ಪಾಠದ ಜೊತೆಗೆ ಸ್ಕಾಲರ್‌ಶಿಪ್ ಅರ್ಜಿಗಳನ್ನು ನೋಡುವ ಕೆಲಸವೂ ನನ್ನ ಪಾಲಿಗೆ ಬರುತ್ತಿತ್ತು. ಅಷ್ಟು ವರ್ಷ ಕಂಡದ್ದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಅಂಕ ಸಾಲದೆ ಸ್ಕಾಲರ್‌ಶಿಪ್ ತಪ್ಪಿದ ಮಕ್ಕಳಿಗಿಂತ ಕಾಗದಪತ್ರ ಸರಿಯಿಲ್ಲದೆ, ಇಲ್ಲವೆ ವಿಷಯವೇ ಗೊತ್ತಿಲ್ಲದೆ ತಪ್ಪಿದವರನ್ನೇ ನಾನು ಹೆಚ್ಚು ನೋಡಿದ್ದೇನೆ. ಅಂಕ ತರುವುದು ಮಕ್ಕಳ ಕೆಲಸ. ಕಾಗದ ಜೋಡಿಸುವುದು ಮನೆಯವರ ಕೆಲಸ. ನಾನು ಮಾತಾಡುವುದು ಈ ಎರಡನೆಯದರ ಬಗ್ಗೆ.

ಮೊದಲು ಸಂಕೋಚದ ಮಾತು ಮುಗಿಸಿಬಿಡೋಣ. ‘ಸ್ಕಾಲರ್‌ಶಿಪ್ ಎಲ್ಲ ನಮ್ಮಂಥವರಿಗಲ್ಲ ಕಣ್ರೀ’ ಎನ್ನುವವರು ನಮ್ಮಲ್ಲಿ ಬಹಳ. ‘ನಾವೇನು ಅಷ್ಟು ಗತಿಗೆಟ್ಟಿಲ್ಲ’ ಎನ್ನುವವರೂ ಇದ್ದಾರೆ. ನಮ್ಮ ಅಜ್ಜಂದಿರ ಕಾಲದಲ್ಲಿ ವಾರಾನ್ನ ಎಂಬ ಪದ್ಧತಿ ಇತ್ತು. ಹಳ್ಳಿಯಿಂದ ಓದಲು ಪಟ್ಟಣಕ್ಕೆ ಬಂದ ಹುಡುಗ ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ ಊಟ ಮಾಡಿ ಓದು ಮುಗಿಸುತ್ತಿದ್ದ. ಮಠಗಳು, ಸಮುದಾಯಗಳು ನಡೆಸುತ್ತಿದ್ದ ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಇದ್ದು ಓದಿದವರು ಎಷ್ಟೋ ಜನ. ದೊಡ್ಡವರಾದ ಮೇಲೆ ಅವರು ಅದನ್ನು ಮುಚ್ಚಿಡಲಿಲ್ಲ, ಹೆಮ್ಮೆಯಿಂದ ಹೇಳಿಕೊಂಡರು.

ನಮ್ಮ ಹೈದರಾಬಾದಿಗೇ ಸೇರಿದ ಒಂದು ಉದಾಹರಣೆ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ನಿಭಾಯಿಸಿದರು. 1881ರಲ್ಲಿ ಬಿ.ಎ. ಮುಗಿಸಿದ ಮೇಲೆ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಲು ಆದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಈ ನಗರ ಕೊಚ್ಚಿಹೋದಾಗ, ಮುಂದೆ ಹೀಗಾಗದಂತೆ ಏನು ಮಾಡಬೇಕು ಎಂದು ನಿಜಾಮ ಸರ್ಕಾರ ಕರೆಸಿ ಕೇಳಿದ್ದು ಅವರನ್ನೇ. ಅವರು ಕೊಟ್ಟ ಯೋಜನೆಯಿಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಬಂದವು. ಗಂಡಿಪೇಟೆಯ ನೀರು ಕುಡಿದ ನಾವೆಲ್ಲ ಒಂದು ಸ್ಕಾಲರ್‌ಶಿಪ್ಪಿನ ಫಲ ಉಂಡವರೇ.

ಹೆಣ್ಣುಮಕ್ಕಳಲ್ಲಿ ನೋಡಿದರೆ ರಾಜೇಶ್ವರಿ ಚಟರ್ಜಿ ಇದ್ದಾರೆ. ಮೈಸೂರು ಸೀಮೆಯ ಈ ಕನ್ನಡತಿ 1940ರ ದಶಕದಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ ಓದಿದರು. ಹಿಂತಿರುಗಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿ, ಮೈಕ್ರೋವೇವ್ ವಿಷಯದಲ್ಲಿ ಒಂದು ತಲೆಮಾರನ್ನೇ ತಯಾರು ಮಾಡಿದರು. ವಿದ್ಯಾರ್ಥಿವೇತನ ಎಂದರೆ ಕೈಚಾಚುವುದಲ್ಲ. ಓದುವ ಮಗುವಿನ ಮೇಲೆ ಸಮಾಜ ಇಟ್ಟ ನಂಬಿಕೆ ಅದು.

ಈಗ ನಮ್ಮ ಮನೆಗಳ ವಿಷಯಕ್ಕೆ ಬರೋಣ. ಗಂಡು-ಹೆಣ್ಣು ಎಂದು ಭೇದ ಮಾಡುವವರು ಇಲ್ಲಿ ಯಾರೂ ಇಲ್ಲ ಎಂದುಕೊಳ್ಳುತ್ತೇನೆ. ಆದರೆ ಹಣ ಸಾಲದಾದಾಗ ಮನೆಯ ಲೆಕ್ಕ ಯಾವ ಕಡೆ ವಾಲುತ್ತದೆ ಎಂಬುದು ನಮಗೆಲ್ಲ ಗೊತ್ತು. ನನ್ನ ತರಗತಿಯಲ್ಲಿ ಎಂ.ಪಿ.ಸಿ. ಓದುತ್ತಿದ್ದ ಒಬ್ಬ ಹುಡುಗಿ ಇದ್ದಳು. ತಂದೆಗೆ ಖಾಸಗಿ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ. ಒಳ್ಳೆಯ ರ‍್ಯಾಂಕ್ ಬಂದಿತ್ತು. ‘ಮೇಡಂ, ನಾನು ಡಿಗ್ರಿಗೆ ಸೇರ್ತೀನಿ. ಇನ್ನೆರಡು ವರ್ಷಕ್ಕೆ ತಮ್ಮ ಇಂಜಿನಿಯರಿಂಗಿಗೆ ಬರ್ತಾನೆ, ಆಗ ದುಡ್ಡು ಬೇಕಲ್ಲ’ ಎಂದಳು. ಅಳಲಿಲ್ಲ, ಯಾರನ್ನೂ ದೂರಲಿಲ್ಲ, ಲೆಕ್ಕ ಒಪ್ಪಿಸಿದ ಹಾಗೆ ಹೇಳಿದಳು. ಅವಳ ತಾಯಿಯನ್ನು ಕರೆಸಿ, ಮೂವರೂ ಕೂತು ಇನ್ನೊಂದು ಲೆಕ್ಕ ಹಾಕಿದೆವು. ಎ.ಐ.ಸಿ.ಟಿ.ಇ.ಯ ‘ಪ್ರಗತಿ’ ಎಂಬ ಯೋಜನೆ ತಾಂತ್ರಿಕ ಶಿಕ್ಷಣಕ್ಕೆ ಸೇರುವ ಹೆಣ್ಣುಮಕ್ಕಳಿಗೆಂದೇ ಇದೆ. ವರ್ಷಕ್ಕೆ 50,000 ರೂ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದ ಒಳಗಿರಬೇಕು. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೂ ಸಿಗುತ್ತದೆ. ನಾಲ್ಕು ವರ್ಷಕ್ಕೆ 2 ಲಕ್ಷ. ‘8 ಲಕ್ಷದವರೆಗೂ ಇದೆಯಾ? ನಾವು ಬಡವರಿಗೆ ಮಾತ್ರ ಅಂದುಕೊಂಡಿದ್ದೆವು’ ಎಂದು ತಾಯಿ ಆಶ್ಚರ್ಯಪಟ್ಟರು. ಹುಡುಗಿ ಇಂಜಿನಿಯರಿಂಗಿಗೇ ಸೇರಿದಳು. ತಮ್ಮನ ಓದೂ ನಿಲ್ಲಲಿಲ್ಲ. ಆ 8 ಲಕ್ಷ ಎಂಬ ಒಂದು ಅಂಕಿ ತಿಳಿಯದೆ ಹೋಗಿದ್ದರೆ ಅವಳ ದಾರಿಯೇ ಬೇರೆಯಾಗುತ್ತಿತ್ತು.

ಹಾಗಾದರೆ ಎಲ್ಲಿ ಹುಡುಕಬೇಕು? ನಾಲ್ಕು ಬಾಗಿಲು ಎಂದುಕೊಳ್ಳಿ: ರಾಜ್ಯ, ಕೇಂದ್ರ, ಸೇರುವ ಕಾಲೇಜು, ಖಾಸಗಿ ಪ್ರತಿಷ್ಠಾನ.

ಮೊದಲ ಬಾಗಿಲು ತೆಲಂಗಾಣದ ಈ-ಪಾಸ್. ಎಸ್.ಸಿ., ಎಸ್.ಟಿ., ಬಿ.ಸಿ., ಇ.ಬಿ.ಸಿ., ಅಲ್ಪಸಂಖ್ಯಾತ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಇಲ್ಲಿ ಎರಡು ಬಗೆಯ ನೆರವಿದೆ. ಒಂದು ಕಾಲೇಜಿನ ಫೀ ಮರುಪಾವತಿ, ಇನ್ನೊಂದು ಮಕ್ಕಳ ನಿರ್ವಹಣಾ ವೆಚ್ಚ. ನಗರದಲ್ಲಿರುವ ಬಿ.ಸಿ., ಇ.ಬಿ.ಸಿ. ಕುಟುಂಬಕ್ಕೆ ಆದಾಯದ ಮಿತಿ ವರ್ಷಕ್ಕೆ 2 ಲಕ್ಷ, ಹಳ್ಳಿಯಲ್ಲಿ 1.5 ಲಕ್ಷ ಎಂದು ಇಟ್ಟಿದ್ದಾರೆ. ಹಾಜರಿ ಶೇ. 75 ಇರಲೇಬೇಕು. ಸರ್ಕಾರದಿಂದ ಹಣ ಬರುವುದು ತಡವಾಗುವುದುಂಟು. ‘ಮೊದಲು ನೀವು ಕಟ್ಟಿ, ಬಂದ ಮೇಲೆ ವಾಪಸು ಕೊಡುತ್ತೇವೆ’ ಎನ್ನುವ ಕಾಲೇಜುಗಳೂ ಇವೆ. ಆದ್ದರಿಂದ ಸೇರುವ ಮೊದಲೇ ಕಾಲೇಜಿನ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.

ಎರಡನೆಯ ಬಾಗಿಲು ಕೇಂದ್ರ ಸರ್ಕಾರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ಎನ್.ಎಸ್.ಪಿ. ಈಗ ಹೇಳಿದ ಪ್ರಗತಿ ಇಲ್ಲೇ ಇದೆ. ಅಂಗವಿಕಲ ಮಕ್ಕಳಿಗೆ ‘ಸಕ್ಷಮ್’ ಇದೆ. ಇನ್ನೊಂದು, ಜಾತಿಯ ಪ್ರಶ್ನೆ ಇಲ್ಲದೆ ಎಲ್ಲ ವಿಭಾಗದವರೂ ಹಾಕಬಹುದಾದ ಸೆಂಟ್ರಲ್ ಸೆಕ್ಟರ್ ಯೋಜನೆ. ವರ್ಷಕ್ಕೆ 82,000 ಹೊಸ ವಿದ್ಯಾರ್ಥಿವೇತನ, ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ಪದವಿಯ ಮೂರು ವರ್ಷ ವರ್ಷಕ್ಕೆ 12,000 ರೂ., ಸ್ನಾತಕೋತ್ತರಕ್ಕೆ 20,000 ರೂ. ಆದಾಯದ ಮಿತಿ 4.5 ಲಕ್ಷ. ಬಿ.ಎ., ಬಿ.ಕಾಂ. ಓದುವವರಿಗೂ ಉಂಟು. ಇದಕ್ಕೆ ನಿಮ್ಮ ಬೋರ್ಡಿನಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು. ಪರ್ಸೆಂಟೈಲ್ ಎಂದರೆ ಶೇಕಡಾ ಅಂಕವಲ್ಲ. ನಿಮ್ಮ ವಿಭಾಗದಲ್ಲಿ ಪರೀಕ್ಷೆ ಪಾಸಾದ ನೂರು ಮಕ್ಕಳನ್ನು ಅಂಕದ ಪ್ರಕಾರ ನಿಲ್ಲಿಸಿದರೆ ಮೇಲಿನ ಇಪ್ಪತ್ತರಲ್ಲಿ ನೀವು ಇರಬೇಕು, ಅಷ್ಟೆ.

ಮೂಲ ವಿಜ್ಞಾನ ಓದಬೇಕೆಂಬ ಮಕ್ಕಳಿಗೆ ‘ಇನ್‌ಸ್ಪೈರ್’ ಇದೆ. ಇದಕ್ಕೆ ಪೋರ್ಟಲ್ ಬೇರೆ. ಬೋರ್ಡಿನಲ್ಲಿ ಮೇಲಿನ ಶೇ. 1ರಲ್ಲಿ ಬಂದು ಬಿ.ಎಸ್‌ಸಿ. ಅಥವಾ ಇಂಟಿಗ್ರೇಟೆಡ್ ಎಂ.ಎಸ್‌ಸಿ. ಸೇರಿದರೆ ವರ್ಷಕ್ಕೆ 80,000 ರೂ. ‘ಬಿ.ಎಸ್‌ಸಿ. ಮಾಡಿ ಏನು ಮಾಡ್ತೀಯ’ ಎಂದು ಮಗಳನ್ನು ಕೇಳುವ ಮೊದಲು ಈ ಅಂಕಿ ನೆನಪಿಟ್ಟುಕೊಳ್ಳಿ.

ಮೂರನೆಯ ಬಾಗಿಲು ಸೇರುವ ಸಂಸ್ಥೆಯೇ. ಐ.ಐ.ಟಿ.ಗಳಲ್ಲಿ ಎಸ್.ಸಿ., ಎಸ್.ಟಿ., ಅಂಗವಿಕಲ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕ ಪೂರ್ತಿ ಮಾಫಿ. ಯಾವ ವರ್ಗದವರಾದರೂ ಆದಾಯ 1 ಲಕ್ಷದ ಒಳಗಿದ್ದರೆ ಪೂರ್ತಿ, 1ರಿಂದ 5 ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಪಾಲು ಮಾಫಿ. ನಮ್ಮ ಕಂದಿಯ ಐ.ಐ.ಟಿ.ಗೆ ಹೋಗುವ ಮಗುವಿಗೂ ಇದೇ ನಿಯಮ. ಖಾಸಗಿ ವಿಶ್ವವಿದ್ಯಾಲಯಗಳು ಪ್ರವೇಶ ಪರೀಕ್ಷೆಯ ರ‍್ಯಾಂಕ್ ನೋಡಿ ಫೀಯಲ್ಲಿ ರಿಯಾಯಿತಿ ಕೊಡುತ್ತವೆ. ಅಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿ: ‘ಎರಡನೆಯ ವರ್ಷವೂ ಇದು ಇರುತ್ತದೆಯೆ, ಇರಬೇಕಾದರೆ ಎಷ್ಟು ಗ್ರೇಡ್ ಬೇಕು?’ ಮೊದಲ ವರ್ಷ ಅರ್ಧ ಫೀ ಎಂದು ಸೇರಿ, ಎರಡನೆಯ ವರ್ಷ ಪೂರ್ತಿ ಕಟ್ಟಲಾಗದೆ ಒದ್ದಾಡಿದವರನ್ನು ನೋಡಿದ್ದೇನೆ.

ನಾಲ್ಕನೆಯದು ಖಾಸಗಿ ಪ್ರತಿಷ್ಠಾನಗಳು. ರಿಲಯನ್ಸ್ ಫೌಂಡೇಶನ್ನಿನ ಪದವಿ ವಿದ್ಯಾರ್ಥಿವೇತನ ಯಾವ ವಿಷಯ ಓದುವವರಿಗೂ ಇದೆ. ಪದವಿ ಮುಗಿಯುವವರೆಗೆ ಒಟ್ಟು 2 ಲಕ್ಷದವರೆಗೆ. ಆದಾಯದ ಮಿತಿ 15 ಲಕ್ಷ, ಆದರೆ ಕಡಿಮೆ ಆದಾಯದವರಿಗೆ ಆದ್ಯತೆ. ಒಂದು ಆನ್‌ಲೈನ್ ಪರೀಕ್ಷೆ ಇರುತ್ತದೆ. ಇನ್ಫೋಸಿಸ್ ಫೌಂಡೇಶನ್ 2023ರಲ್ಲಿ ಆರಂಭಿಸಿದ ‘ಸ್ಟೆಮ್ ಸ್ಟಾರ್ಸ್’ ವಿಜ್ಞಾನ, ತಂತ್ರಜ್ಞಾನ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 1 ಲಕ್ಷದವರೆಗೆ ಕೊಡುತ್ತದೆ. ಸರ್ಕಾರಿ ಶಾಲೆ, ಸರ್ಕಾರಿ ಜೂನಿಯರ್ ಕಾಲೇಜಿನಲ್ಲಿ 10 ಮತ್ತು 12ನೇ ತರಗತಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂ. ಕೊಡುತ್ತದೆ.

ಇಲ್ಲಿ ಒಂದು ಮಾತು. ಈ ಕೊನೆಯದು ನಮ್ಮಲ್ಲಿ ಬಹುಪಾಲು ಮನೆಗಳಿಗೆ ಬೇಡವಾದೀತು. ಆದರೆ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಕುಟುಂಬ, ಮನೆಗೆಲಸಕ್ಕೆ ಬರುವವರು, ಕಟ್ಟಡದ ಕೆಲಸಕ್ಕೆ ಬಂದವರು ಎಲ್ಲಿಯವರು? ಎಷ್ಟೋ ಜನ ರಾಯಚೂರು, ಯಾದಗಿರಿ, ಬೀದರ್, ಕಲಬುರಗಿ ಕಡೆಯವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಅವರ ಹೆಣ್ಣುಮಕ್ಕಳು ಸರ್ಕಾರಿ ಶಾಲೆಯಲ್ಲೇ ಓದುತ್ತಿದ್ದಾರೆ. ಇಂಟರ್ ಮುಗಿದೊಡನೆ ಅವರ ಓದು ನಿಂತುಹೋಗುವುದು 30,000 ರೂಪಾಯಿಗಾಗಿಯೇ. ನೀವು ಇವತ್ತು ಕೇಳಿದ್ದನ್ನು ನಾಳೆ ಲಿಫ್ಟಿನ ಬಳಿ ನಿಂತು ಅವರಿಗೆ ಕನ್ನಡದಲ್ಲಿ ಹೇಳಿದರೆ ಸಾಕು.

ಇನ್ನು ಕಾಗದದ ಮಾತು. ಮೊದಲನೆಯದು ಹೆಸರು. ಇದು ನಮ್ಮ ಕನ್ನಡದವರಿಗೆ ಈ ಊರಿನಲ್ಲಿ ವಿಶೇಷ ತೊಂದರೆ. ಇಲ್ಲಿ ಇಂಟಿಪೇರು ಮೊದಲು, ಆಮೇಲೆ ಸ್ವಂತ ಹೆಸರು. ನಮ್ಮಲ್ಲಿ ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್, ಉತ್ತರ ಕರ್ನಾಟಕದವರಿಗೆ ಮನೆತನದ ಹೆಸರು. ಶಾಲೆಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು. ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಮಕ್ಕಳು. ಎಸ್ಸೆಸ್ಸಿ ಮೆಮೊದಲ್ಲಿ ಇರುವ ಹೆಸರು, ಹುಟ್ಟಿದ ದಿನಾಂಕಗಳನ್ನೇ ಆಧಾರವಾಗಿ ಇಟ್ಟುಕೊಂಡು, ಆಧಾರ್ ಮತ್ತು ಬ್ಯಾಂಕ್ ಖಾತೆಯನ್ನು ಅದಕ್ಕೆ ಹೊಂದಿಸಿ. ಇಂಟರ್ ಎರಡನೆಯ ವರ್ಷದ ದಸರಾ ರಜೆಯಲ್ಲೇ ಇದನ್ನು ಮುಗಿಸಿ.

ಎರಡನೆಯದು ಬ್ಯಾಂಕ್ ಖಾತೆ. ಸರ್ಕಾರದ ಹಣ ನೀವು ಅರ್ಜಿಯಲ್ಲಿ ಬರೆದ ಖಾತೆಗೆ ಬರುತ್ತದೆ ಎಂದುಕೊಳ್ಳಬೇಡಿ. ಆಧಾರ್‌ಗೆ ಸೀಡ್ ಆದ ಖಾತೆಗೆ ಬರುತ್ತದೆ. ಯಾದಗಿರಿ ಕಡೆಯ ಒಬ್ಬ ಹುಡುಗಿಯ ಹಣ ‘ಜಮಾ ಆಗಿದೆ’ ಎಂದು ಪೋರ್ಟಲ್ ಹೇಳುತ್ತಿತ್ತು, ಪಾಸ್‌ಬುಕ್ಕಿನಲ್ಲಿ ಇಲ್ಲ. ಕೊನೆಗೆ ನೋಡಿದರೆ ಅವಳು ಚಿಕ್ಕವಳಿದ್ದಾಗ ಅಜ್ಜಿಯ ಊರಿನಲ್ಲಿ ತೆರೆದ ಖಾತೆಗೆ ಹೋಗಿತ್ತು. ಬ್ಯಾಂಕಿಗೆ ಹೋದಾಗ ‘ಆಧಾರ್ ಲಿಂಕ್ ಆಗಿದೆಯಾ’ ಎಂದು ಕೇಳಿದರೆ ಸಾಲದು. ‘ಎನ್.ಪಿ.ಸಿ.ಐ.ಯಲ್ಲಿ ಈ ಖಾತೆಗೇ ಸೀಡಿಂಗ್ ಆಗಿದೆಯಾ’ ಎಂದು ಕೇಳಿ. ಖಾತೆ ಮಗುವಿನ ಹೆಸರಿನಲ್ಲೇ ಇರಲಿ, ಚಾಲ್ತಿಯಲ್ಲಿರಲಿ.

ಮೂರನೆಯದು ಆದಾಯ ಮತ್ತು ಜಾತಿ ಪ್ರಮಾಣಪತ್ರ. ಇಲ್ಲಿ ಮೀಸೇವಾದಲ್ಲಿ ಅರ್ಜಿ ಕೊಟ್ಟರೆ ತಹಶೀಲ್ದಾರರ ಕಚೇರಿಯಿಂದ ಬರುತ್ತದೆ. ಆದಾಯದ್ದು ಆ ವರ್ಷದ್ದೇ ಬೇಕು. ಕರ್ನಾಟಕದಲ್ಲಿ ಮಾಡಿಸಿದ ಜಾತಿ ಪ್ರಮಾಣಪತ್ರ ಇಲ್ಲಿನ ರಾಜ್ಯದ ಯೋಜನೆಗೆ ನಡೆಯುತ್ತದೆ ಎಂದು ನಂಬಿ ಕೂರಬೇಡಿ. ಎರಡು ರಾಜ್ಯಗಳ ಪಟ್ಟಿಗಳೂ ಒಂದೇ ಅಲ್ಲ.

ನಾಲ್ಕನೆಯದು ವ್ಯಾಸಂಗ ಪ್ರಮಾಣಪತ್ರ, ಬೊನಾಫೈಡ್. ಇಲ್ಲಿನ ಪ್ರವೇಶಕ್ಕೆ 6ನೇ ತರಗತಿಯಿಂದ ಇಂಟರ್‌ವರೆಗೆ ಎಲ್ಲಿ ಓದಿದೆ ಎಂದು ಕೇಳುತ್ತಾರೆ. ಬ್ಯಾಂಕು, ರೈಲ್ವೆ, ಸಾಫ್ಟ್‌ವೇರ್ ಎಂದು ಊರೂರು ಸುತ್ತಿದ ನಮ್ಮ ಮಕ್ಕಳು ಮೂರು ಶಾಲೆ ಬದಲಿಸಿರುತ್ತಾರೆ. ಹುಬ್ಬಳ್ಳಿಯ ಶಾಲೆಯಿಂದ ಒಂದು ಕಾಗದ ತರಿಸಲು ಹದಿನೈದು ದಿನ ಹಿಡಿಯುತ್ತದೆ. ಮದುವೆ ಗೊತ್ತಾದ ಮೇಲೆ ಛತ್ರ ಹುಡುಕಿದ ಹಾಗೆ, ಕೌನ್ಸೆಲಿಂಗ್ ದಿನ ಹುಡುಕಬೇಡಿ.

ವೇಳಾಪಟ್ಟಿ ಹೀಗಿಟ್ಟುಕೊಳ್ಳಿ. ದಸರೆಯೊಳಗೆ ಹೆಸರು ಮತ್ತು ಬ್ಯಾಂಕು. ಸಂಕ್ರಾಂತಿಯೊಳಗೆ ಜಾತಿ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ. ಏಪ್ರಿಲ್‌ನಲ್ಲಿ ಫಲಿತಾಂಶ ಬಂದ ಮೇಲೆ ಆದಾಯದ್ದು. ಎನ್.ಎಸ್.ಪಿ. ಸಾಮಾನ್ಯವಾಗಿ ಮಳೆಗಾಲದಲ್ಲಿ ತೆರೆದು ದೀಪಾವಳಿಯ ಆಸುಪಾಸಿನಲ್ಲಿ ಮುಚ್ಚುತ್ತದೆ. ಕೊನೆಯ ವಾರದಲ್ಲಿ ಪೋರ್ಟಲ್ ಆಮೆಯ ಹಾಗೆ ನಡೆಯುತ್ತದೆ, ಮೊದಲ ತಿಂಗಳಲ್ಲೇ ಮುಗಿಸಿ. ಅರ್ಜಿ ಸಲ್ಲಿಸಿದಲ್ಲಿಗೆ ಕೆಲಸ ಮುಗಿಯಲಿಲ್ಲ. ಕಾಲೇಜಿನವರು ಅದನ್ನು ಪರಿಶೀಲಿಸಿ ಮುಂದೆ ಕಳಿಸಬೇಕು. ತಪ್ಪು ಕಂಡರೆ ತಿದ್ದುಪಡಿಗೆ ವಾಪಸು ಬರುತ್ತದೆ. ವಾರಕ್ಕೊಮ್ಮೆ ಲಾಗಿನ್ ಆಗಿ ನೋಡುತ್ತಿರಿ. ನಿಯಮ, ಮೊತ್ತಗಳು ವರ್ಷ ವರ್ಷ ಬದಲಾಗುವುದರಿಂದ ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿ ಇನ್ನೊಮ್ಮೆ ಓದಿಕೊಳ್ಳಿ.

ಎಲ್ಲದಕ್ಕೂ ಅರ್ಜಿ ಹಾಕಬಹುದು, ಆದರೆ ಎಲ್ಲವನ್ನೂ ಪಡೆಯುವಂತಿಲ್ಲ. ಸೆಂಟ್ರಲ್ ಸೆಕ್ಟರ್ ಯೋಜನೆಯಲ್ಲಿ ರಾಜ್ಯದ ಫೀ ಮರುಪಾವತಿ ಪಡೆಯುವವರಿಗೆ ಅವಕಾಶವಿಲ್ಲ. ಪ್ರಗತಿಯ ಜೊತೆ ಇನ್ನೊಂದು ಸರ್ಕಾರಿ ವೇತನ ತೆಗೆದುಕೊಳ್ಳುವಂತಿಲ್ಲ. ಯಾವುದು ಹೆಚ್ಚು, ಯಾವುದು ಖಚಿತ ಎಂದು ಮನೆಯಲ್ಲಿ ಕೂತು ಲೆಕ್ಕ ಹಾಕಿ ಒಂದನ್ನು ಆರಿಸಿ. ಸಿಕ್ಕಿದ್ದನ್ನು ಪ್ರತಿವರ್ಷ ನವೀಕರಿಸಬೇಕು. ಮೊದಲ ವರ್ಷ ಸಿಕ್ಕಿ, ಎರಡನೆಯ ವರ್ಷ ಮರೆತು ಕಳೆದುಕೊಂಡವರು ಬಹಳ ಮಂದಿ. ಗ್ಯಾಸ್ ಬುಕ್ ಮಾಡುವುದನ್ನು ಮರೆಯದ ನಮಗೆ ಇದೇನು ಕಷ್ಟವಲ್ಲ.

ಮಕ್ಕಳಿಗೆ ಒಂದು ಮಾತು. ಖಾಸಗಿ ಪ್ರತಿಷ್ಠಾನಗಳು ‘ನಿಮ್ಮ ಬಗ್ಗೆ ಬರೆಯಿರಿ’ ಎಂದು ಕೇಳುತ್ತವೆ. ‘ನನಗೆ ಬಾಲ್ಯದಿಂದಲೂ ದೇಶಸೇವೆಯ ಕನಸು’ ಎಂದು ಶುರು ಮಾಡಬೇಡಿ. ಹಾಗೆ ಬರೆದವರು ಸಾವಿರ ಜನ ಇರುತ್ತಾರೆ. ಕಾಲೇಜಿಗೆ ಹೋಗುವ ಮೊದಲು ತಂಗಿಯನ್ನು ಶಾಲೆಗೆ ಬಿಟ್ಟು ಬರುತ್ತೀರ? ಅಪ್ಪನ ಅಂಗಡಿಯ ಲೆಕ್ಕ ನೀವೇ ಬರೆಯುತ್ತೀರ? ಅದನ್ನು ಬರೆಯಿರಿ. ಎಷ್ಟು ಫೀ, ಮನೆಯಿಂದ ಎಷ್ಟು ಆಗುತ್ತದೆ, ಎಷ್ಟು ಕೊರತೆ ಎಂದು ನೇರವಾಗಿ ಹೇಳಿ. ಇದ್ದದ್ದಕ್ಕಿಂತ ಬಡತನ ಹೆಚ್ಚು ಮಾಡಿ ಬರೆಯಬೇಡಿ. ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಕೊಂಪಲ್ಲಿ ಇರಲಿ, ಕಾಚಿಗುಡ ಇರಲಿ, ನಿಮ್ಮ ಬದುಕು ಇರುವಂತೆಯೇ ಹೇಳಿ.

ಎಚ್ಚರಿಕೆಯೂ ಬೇಕು. ಸರ್ಕಾರಿ ವಿದ್ಯಾರ್ಥಿವೇತನ ಪೋರ್ಟಲ್‌ಗಳಲ್ಲಿ ಅರ್ಜಿಗೆ ಶುಲ್ಕವಿಲ್ಲ. ‘ನಿಮ್ಮ ಮಗಳು ಆಯ್ಕೆಯಾಗಿದ್ದಾಳೆ, 2,000 ರೂ. ಕಟ್ಟಿ’ ಎಂದು ಫೋನ್ ಬಂದರೆ ಇಟ್ಟುಬಿಡಿ. ಓ.ಟಿ.ಪಿ. ಯಾರಿಗೂ ಹೇಳಬೇಡಿ.

ಕರ್ನಾಟಕದ ಕಡೆಯ ಒಂದು ದಾರಿಯೂ ಇದೆ. ಹೊರರಾಜ್ಯದಲ್ಲಿ ಓದಿದ ಕನ್ನಡದ ಮಕ್ಕಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ‘ಹೊರನಾಡು ಕನ್ನಡಿಗ’ ಎಂಬ ಅರ್ಹತೆ ಇಟ್ಟಿದೆ. ಅದಕ್ಕೊಂದು ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಇದು ವಿದ್ಯಾರ್ಥಿವೇತನವಲ್ಲ, ಆದರೆ ಸರ್ಕಾರಿ ಸೀಟು ಸಿಕ್ಕರೆ ಫೀಯಲ್ಲಿ ಉಳಿಯುವುದು ಸಣ್ಣ ಮೊತ್ತವಲ್ಲ. ‘ಹೈದರಾಬಾದಿನಲ್ಲಿದ್ದು ಕನ್ನಡ ಓದು-ಬರಹ ಯಾಕೆ’ ಎಂದು ಕೇಳುವ ಮಕ್ಕಳಿಗೆ ಕೊಡಲು ಒಂದು ಉತ್ತರವೂ ಆಯಿತು.

ಕೊನೆಯದಾಗಿ ವೇದಿಕೆಗೆ ಒಂದು ಕೋರಿಕೆ. ನಾವು ರಂಗೋಲಿ ಸ್ಪರ್ಧೆ ಮಾಡುತ್ತೇವೆ, ದಸರಾ ಗೊಂಬೆ ಕೂರಿಸುತ್ತೇವೆ, ಎಲ್ಲವೂ ಬೇಕು. ವರ್ಷದಲ್ಲಿ ಒಂದು ಭಾನುವಾರ, ಎರಡು ಲ್ಯಾಪ್‌ಟಾಪು, ಒಂದು ಸ್ಕ್ಯಾನರ್ ಇಟ್ಟುಕೊಂಡು, ಇಂಟರ್ ಮಕ್ಕಳ ಕಾಗದ ನೋಡುವ ದಿನ ಮಾಡೋಣ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ! ಅವರು ಖಾತೆ ನೋಡಲಿ, ಶಿಕ್ಷಕಿಯರು ಬರಹ ತಿದ್ದಲಿ, ತೆಲುಗು ಚೆನ್ನಾಗಿ ಬಲ್ಲವರು ಮೀಸೇವಾಕ್ಕೆ ಜೊತೆಗೆ ಹೋಗಲಿ. ಸದಸ್ಯರ ಮಕ್ಕಳಿಗೆ ಮಾತ್ರ ಎಂದು ಗೆರೆ ಎಳೆಯದೆ, ಗೇಟಿನ ಬಳಿ ಕನ್ನಡ ಮಾತಾಡುವ ಮನೆಯ ಮಗುವನ್ನೂ ಕರೆಯೋಣ. ಹಿಂದಿನವರು ವಾರಕ್ಕೊಂದು ಊಟ ಹಾಕಿ ಮಕ್ಕಳನ್ನು ಓದಿಸಿದರು. ನಾವು ವರ್ಷಕ್ಕೊಂದು ದಿನ ಕೊಡಲಾರೆವೆ?

ಹಿಂದಿನ ಸಾಲಿನ ಮಕ್ಕಳೆ, ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಎಸ್ಸೆಸ್ಸಿ ಮೆಮೊ, ಆಧಾರ್, ಪಾಸ್‌ಬುಕ್ ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟು ಹೆಸರು ಅಕ್ಷರಕ್ಕೆ ಅಕ್ಷರ ಸರಿಯಿದೆಯೆ ನೋಡಿ. ಸರಿಯಿಲ್ಲದವರು ಮುಂದಿನ ವಾರ ನನ್ನನ್ನು ಕಾಣಿ.